ಹಗ್ಗದ ಕೆಳಗಿನ ತುದಿ

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಹಾನಗಲ್ಲ ಹಾದಿಯ ಒಂದು ತೋಟದಲ್ಲಿ, ಹೂವಪ್ಪ ಕಡಿದ ಮಾವಿನ ಕೊಂಬೆ ಬೀಳಬೇಕಾದ ಜಾಗ ಬಿಟ್ಟು ದನದ ಕೊಟ್ಟಿಗೆಯ ಮೇಲೆ ಬಿತ್ತು. ದನಗಳು ಮೇಯಲು ಹೋಗಿದ್ದವು, ಪುಣ್ಯ. ತಗಡಿನ ಮಾಡು ಮಾತ್ರ ನಡುವೆ ಮಡಚಿಕೊಂಡು ನೆಲ ಕಂಡಿತು. ತೋಟದ ಒಡೆಯ ಬಾಯಿಗೆ ಬಂದಂತೆ ಬೈದ. ಮರದ ಮೇಲಿದ್ದ ಹೂವಪ್ಪ, ಕೆಳಗೆ ಅವನ ಹಗ್ಗ ಹಿಡಿದಿದ್ದ ತಾಯಿ ಅಡಿವೆವ್ವ, ಪಕ್ಕದಲ್ಲಿದ್ದ ತಂದೆ ಮೈಲಾರಪ್ಪ, ಬುತ್ತಿ ಹೊತ್ತು ತಂದಿದ್ದ ಹೊಸ ಸೊಸೆ ಶಾರವ್ವ, ನಾಲ್ವರೂ ತುಟಿ ಬಿಚ್ಚದೆ ಬೈಸಿಕೊಂಡು ಶಿಗ್ಗಾಂವದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತಡೆದುಕೊಂಡಿದ್ದ ಮಾತೆಲ್ಲ ಮನೆಯ ಹೊಸ್ತಿಲು ದಾಟುತ್ತಲೇ ಹೊರಬಿತ್ತು.

"ಹಗ್ಗ ಸಡ್ಲ ಬಿಡು ಅಂತ ಕೈ ಬೀಸಿದೆ. ನೀ ಬಿಡಲಿಲ್ಲ," ಎಂದ ಹೂವಪ್ಪ. "ಬಿಟ್ಟಿದ್ರ ಆ ಕಡೆ ಸರದು ಕಡೀತಿದ್ದೆ."

"ಯಾವಾಗ ಬೀಸಿದಿ?" ಎಂದಳು ಅಡಿವೆವ್ವ.

"ಎರಡು ಸಲ ಬೀಸೇನಿ ಯವ್ವಾ!"

"ಎಲಿ ಅಡ್ಡ ಬಂದಿದ್ವು. ಹಗ್ಗಾನೂ ಹಸೀ ಇತ್ತು. ಹಸೀ ಹಗ್ಗ ಬಿಟ್ರ ಕೈ ಮೀರಿ ಹೋಗತೈತಿ."

"ತಪ್ಪು ನಿಂದ," ಎಂದು ಮೈಲಾರಪ್ಪ ಮಗನ ಕಡೆ ಬೆರಳು ತೋರಿಸಿದ. "ಕೆಳಗಿಂದ ಜವಾಬು ಬರೂತನಾ ಕೊಡ್ಲಿ ಎತ್ತಬಾರದು. ಮೂವತ್ತು ವರ್ಷ ಗಿಡ ಹತ್ತೇನಿ, ಒಂದ ಒಂದು ಹೆಂಚು ಒಡದಿಲ್ಲ."

"ಹಿರೇಕೆರೂರಾಗ ಗ್ವಾಡಿ ಬಿದ್ದದ್ದು ಗಾಳಿಗೇನ್ರಿ?" ಎಂದಳು ಹೆಂಡತಿ.

"ಅದು ಗ್ವಾಡಿ. ನಾ ಹೆಂಚಿನ ಮಾತು ಆಡಾಕತ್ತೇನಿ."

ಶಾರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಸುಮ್ಮನಿದ್ದಳು. ಸುಮ್ಮನಿರುವ ಹೆಣ್ಣಲ್ಲ ಅವಳು. ಸವಣೂರಿನ ವೀಳ್ಯದೆಲೆ ತೋಟದಲ್ಲಿ ಬಳ್ಳಿ ಕಟ್ಟುವವರ ಮನೆಯಲ್ಲಿ ಬೆಳೆದವಳು, ತವರಿನಲ್ಲಿ ಅವಳ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ಆದರೆ ಆ ದಿನ ತೋಟದಲ್ಲಿ ಅವಳು ಕಂಡದ್ದು ಹೇಳುವಂಥದ್ದಾಗಿರಲಿಲ್ಲ. ಗಂಡ ಕೈ ಬೀಸಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತ್ತು. ಎಲೆ ಯಾವುದೂ ಅಡ್ಡ ಇರಲಿಲ್ಲ. ಅತ್ತೆ ಅದೇ ಕೈಯನ್ನು ನೋಡುತ್ತ ನಿಂತಿದ್ದಳು, ಆದರೂ ಕಂಡಿರಲಿಲ್ಲ.

ಈ ಮನೆಯ ಕಸುಬೇ ಮರ ಹತ್ತುವುದು. ಮಾಡಿನ ಮೇಲೆ ಬಾಗಿದ ಕೊಂಬೆ, ತಂತಿಗೆ ತಾಗುವ ಕೊಂಬೆ, ಬಾವಿಗೆ ಎಲೆ ಉದುರಿಸುವ ಕೊಂಬೆ ಎಲ್ಲಿದ್ದರೂ ಸುತ್ತಲಿನ ನಾಲ್ಕು ತಾಲೂಕಿನವರು ಮೈಲಾರಪ್ಪನ ಮನೆ ಕೇಳಿಕೊಂಡು ಬರುತ್ತಿದ್ದರು. ಹಗ್ಗ ಮನೆಯದೇ. ಪುಂಡಿಯ ಎಲೆ ಪಲ್ಯಕ್ಕೆ, ದಂಟು ನಾರಿಗೆ. ನಾರು ನೆನೆಹಾಕಿ, ಬಿಡಿಸಿ, ತೊಡೆಯ ಮೇಲೆ ಹೊಸೆದು ಅಡಿವೆವ್ವ ಮಾಡಿದ ಹಗ್ಗ ಎತ್ತು ಜಗ್ಗಿದರೂ ಹರಿಯುತ್ತಿರಲಿಲ್ಲ. ಹತ್ತುವವನ ಸೊಂಟಕ್ಕೆ ಕಟ್ಟಿದ ಹಗ್ಗ ಮೇಲಿನ ಕವಲು ಹಾಯ್ದು ಕೆಳಗೆ ಬಂದು, ಮರದ ಬೊಡ್ಡೆಗೆ ಒಂದು ಸುತ್ತು ಹಾಕಿಕೊಂಡು, ಅವನ ಹೆಂಡತಿಯ ಕೈಯಲ್ಲಿರುತ್ತಿತ್ತು. ಕೆಳಗಿನವರು ಕೂಗಿದರೆ ಮೇಲಿನವನು ಬಗ್ಗಿ ನೋಡುತ್ತಾನೆ, ಕಾಲು ತಪ್ಪುತ್ತದೆ. ಅದಕ್ಕೇ ಕೂಗುವಂತಿಲ್ಲ, ಹಗ್ಗ ಜಗ್ಗಬೇಕು. ಒಮ್ಮೆ ಜಗ್ಗಿದರೆ ಹಗ್ಗ ಸಡಿಲ ಬಿಡುತ್ತೇನೆ, ಎರಡು ಸಲ ಜಗ್ಗಿದರೆ ಬಿಗಿ ಮಾಡುತ್ತೇನೆ, ಮೂರು ಸಲ ಜಗ್ಗಿದರೆ ಕೈಯಲ್ಲಿದ್ದದ್ದು ಬಿಟ್ಟು ಮರ ತಬ್ಬಿಕೋ ಎಂದರ್ಥ.

ಮದುವೆಯಾಗಿ ಬಂದ ಸೊಸೆಗೆ ಐದನೆಯ ಸೋಮವಾರ ಅತ್ತೆ ಹಗ್ಗದ ತುದಿ ಕೊಡುವುದು ಆ ಮನೆಯ ಪದ್ಧತಿ. ಶಾರವ್ವ ಬಂದು ಹದಿನಾರು ಸೋಮವಾರ ಕಳೆದಿದ್ದವು. ಅಡಿವೆವ್ವ ಆ ಮಾತನ್ನೇ ಎತ್ತುತ್ತಿರಲಿಲ್ಲ. ಒಮ್ಮೆ ಸೊಸೆಯೇ ಎತ್ತಿದಾಗ, "ನನ್ನ ಕೈಯಾಗ ಇಪ್ಪತ್ತಾರು ವರ್ಷ ಯಾರೂ ಬಿದ್ದಿಲ್ಲ. ನಿಂದೇನ್ ಅವಸರ?" ಎಂದು ಬಾಯಿ ಮುಚ್ಚಿಸಿದ್ದಳು.

ಅವಸರ ಏನು ಎಂಬುದು ಶಾರವ್ವನಿಗೆ ಗೊತ್ತಿತ್ತು. ಅತ್ತೆ ಆರಿಸಿದ ಅಕ್ಕಿಯಲ್ಲಿ ಹರಳು ಉಳಿಯುತ್ತಿದ್ದವು. ಸೂಜಿಗೆ ದಾರ ಪೋಣಿಸಲು ಅತ್ತೆ ನೆರೆಮನೆಗೆ ಹೋಗುತ್ತಿದ್ದಳು, ಸೊಸೆಯನ್ನು ಕೇಳುತ್ತಿರಲಿಲ್ಲ. ಆ ಕಣ್ಣಿನ ಭರವಸೆಯ ಮೇಲೆ ತನ್ನ ಗಂಡ ನಲವತ್ತು ಅಡಿ ಮೇಲೆ ತೂಗುತ್ತಾನೆ ಎಂದು ನೆನೆದಾಗಲೆಲ್ಲ ಶಾರವ್ವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಿದರೆ ಅತ್ತೆಯ ಕಸುಬು ಹೋಗುತ್ತದೆ, ಹೇಳದಿದ್ದರೆ ಗಂಡನೇ ಹೋಗಬಹುದು. ಹತ್ತೊಂಬತ್ತರ ಹುಡುಗಿಗೆ ಇದು ಸಣ್ಣ ಪೇಚಾಟವೇ?

ಕೊಟ್ಟಿಗೆ ಮುರಿದ ವಾರದಲ್ಲೇ ಹೂವಪ್ಪನಿಗೆ ಹುಲಗೂರಿನ ಹಸನಸಾಬ ಸಿಕ್ಕ. ಈತ ಹದಿನೆಂಟು ವರ್ಷ ಮಿಲಿಟರಿಯಲ್ಲಿದ್ದು, ಹಿಮದ ಗುಡ್ಡಗಳಲ್ಲಿ ಹಗ್ಗದ ಮೇಲೆ ಜೋತಾಡಿ, ಒಂದು ಮೊಣಕಾಲು ಅಲ್ಲೇ ಕೆಡಿಸಿಕೊಂಡು ಊರಿಗೆ ಬಂದಿದ್ದ. ಬರುವಾಗ ಯಾವುದೋ ಹಳೇ ಸಾಮಾನಿನ ಬಜಾರಿನಲ್ಲಿ ಬಿಳಿ ನೈಲಾನ್ ಹಗ್ಗ, ಅಗಲವಾದ ಸೊಂಟದ ಪಟ್ಟಾ, ಉಕ್ಕಿನ ಕೊಂಡಿಗಳನ್ನು ಕೊಂಡು ತಂದಿದ್ದ. ಅವನ್ನು ಹೂಡಿ ಆಡಿಸಲು ಒಬ್ಬ ಶಿಷ್ಯ ಬೇಕಾಗಿದ್ದ. ಹೂವಪ್ಪ ದಿನಾ ಮುಂಜಾನೆ ಸೈಕಲ್ ತುಳಿದು ಹುಲಗೂರಿಗೆ ಹೋಗತೊಡಗಿದ.

ಊರ ಹೊರಗಿನ ಹುಣಸೆ ಮರವೇ ಸಾಲಿ. ಹಸನಸಾಬ ಉಸುಕಿನ ಚೀಲಕ್ಕೆ ದಾರ ಕಟ್ಟಿ ಬೀಸಿ ಒಗೆದರೆ ಅದು ಹೇಳಿದ ಕವಲನ್ನೇ ಹಾಯ್ದು ಬರುತ್ತಿತ್ತು. ಆ ದಾರದ ಹಿಂದೆ ನೈಲಾನ್ ಹಗ್ಗ ಏರುತ್ತಿತ್ತು. ಹಗ್ಗದ ಒಂದು ಕೊನೆ ಪಟ್ಟಾದ ಬಳೆಗೆ. ಕವಲು ಹಾಯ್ದು ಬಂದ ಇನ್ನೊಂದು ಎಳೆಗೆ ಸಣ್ಣ ಹುರಿಯ ಕುಣಿಕೆ ಮೂರು ಸುತ್ತು, ಅದೂ ಪಟ್ಟಾಕ್ಕೇ. ಆ ಕುಣಿಕೆಯನ್ನು ಮೇಲೆ ತಳ್ಳಿದರೆ ಸರಿಯುತ್ತದೆ, ಮೈಭಾರ ಬಿದ್ದರೆ ಹಗ್ಗವನ್ನು ಕಚ್ಚಿ ನಿಲ್ಲುತ್ತದೆ. ತಳ್ಳು, ಕೂರು, ತಳ್ಳು, ಕೂರು. ಮೂರನೆಯ ದಿನ ಹೂವಪ್ಪ ತೊಗಟೆಗೆ ಎದೆ ತಾಗಿಸದೆ ಹುಣಸೆಯ ನೆತ್ತಿ ಮುಟ್ಟಿ, ಎರಡೂ ಕೈ ಬಿಟ್ಟು ಗಾಳಿಯಲ್ಲಿ ಕುಳಿತು, "ಹೋ!" ಎಂದು ಕೂಗಿದ. ಅವನಿಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ, ಗಂಟು ನೋಡ್ಕೋ!" ಎಂದು ಹಸನಸಾಬ ಕೆಳಗಿನಿಂದ ಗದರಿಸಿದ. "ಹತ್ತೂಕಿಂತ ಮೊದಲ ಕಟ್ಟಿದಾಂವ ನೋಡಬೇಕು, ಆಮ್ಯಾಲ ಇನ್ನೊಬ್ಬಾಂವ ನೋಡಬೇಕು. ನೈಲಾನಿಗೆ ಎಂಟರ ಗಂಟ ಆಗಬೇಕು. ಗಂಟಿನ ಆಚೆ ಬಾಲ ಒಂದು ಮೊಳ ಬಿಡಬೇಕು. ತಿಳೀತಿಲ್ಲೋ?"

ಆ ಸಂಜೆ ಹೂವಪ್ಪ ಪಟ್ಟಾ, ಹಗ್ಗ ಮನೆಗೇ ತಂದು, ಪಡಸಾಲೆಯ ತೊಲೆಗೆ ಹಾಕಿ ಜೋತುಬಿದ್ದು ತೋರಿಸಿದ. ಮಾಳಿಗೆಯ ಮಣ್ಣು ಉದುರಿ ಮೈಲಾರಪ್ಪನ ತಾಟಿನ ಪುಂಡಿಪಲ್ಯದಲ್ಲಿ ಬಿತ್ತು.

"ಇಳಿಯೋ, ಮನಿ ಇಳಸೀದಿ!" ಎಂದು ಮೈಲಾರಪ್ಪ ತಾಟಿನ ಮೇಲೆ ಕೈ ಹಿಡಿದ. ಆದರೂ ಅವನ ಕಣ್ಣು ಪಟ್ಟಾದ ಗಂಟಿನ ಮೇಲೇ ಇತ್ತು. "ಅದೇನದು ನೀ ಅನ್ನೂ ಎಂಟರ ಗಂಟು? ನಮ್ಮ ಎಂಟು ಹಂಗ ಇರೂದಿಲ್ಲಲ್ಲ."

"ಇಂಗ್ರೇಜಿ ಎಂಟು ಯಪ್ಪಾ."

"ಹಂಗನ್ನು. ನಮ್ಮ ಎಂಟಿಗೆ ಜೋತುಬಿದ್ರ ಸೀದಾ ನೆಲಕ್ಕ."

ಎಲ್ಲರೂ ನಕ್ಕರು. ಆ ನಗುವಿನ ಭರದಲ್ಲೇ ಹೂವಪ್ಪ ಅಂದುಬಿಟ್ಟ: "ಇನ್ನ ಕೆಳಗ ಯಾರೂ ನನ್ನ ಹಗ್ಗ ಹಿಡಿಯೂದು ಬ್ಯಾಡ. ಇದರಾಗ ಹತ್ತಾಂವ ತಾನ ಹತ್ತತಾನ, ತಾನ ಇಳೀತಾನ."

ಅಡಿವೆವ್ವನ ಕೈಯ ಸೌಟು ನಿಂತಿತು. "ಅಂದ್ರ ನಾ ಮನ್ಯಾಗ ಕುಂದರ್ಬೇಕೇನ?"

"ಮತ್ತ ನಾನು?" ಎಂದಳು ಶಾರವ್ವ ಅದೇ ಉಸಿರಿನಲ್ಲಿ.

ಅತ್ತೆ ಸೊಸೆ ಒಂದೇ ಕಡೆ ನಿಂತದ್ದು ಆ ಮನೆಯಲ್ಲಿ ಅದೇ ಮೊದಲು. ಹೂವಪ್ಪ ತೊಲೆಗೆ ಜೋತುಬಿದ್ದವನು ಇಬ್ಬರ ಮುಖವನ್ನೂ ನೋಡಿ ಇಳಿಯಲು ಹೆದರಿದ.

"ಕೊಂಬಿ ಇಳಸೂ ಹಗ್ಗ ಇರತೈತೆಲ್ಲ. ಅದನ್ನ ಹಿಡೀರಿ."

"ಜೀವ ಹಿಡದ ಕೈಯಾಗ ಕಟಗಿ ಹಿಡೀಲೇನೋ?" ಎಂದ ಅಡಿವೆವ್ವ ಸೌಟನ್ನು ಒಲೆಕಟ್ಟೆಗೆ ಕುಕ್ಕಿದಳು. "ನಾಳೆ ನಾನೂ ಬರ್ತೇನಿ ಹುಲಗೂರಿಗೆ. ಆ ಹಗ್ಗದ ಹಣೆಬರಹ ನೋಡ್ತೇನಿ."

ನೋಡಲು ಹೋದವಳು ನೋಡಲಿಲ್ಲ, ಮುಟ್ಟಿದಳು. ಹಸನಸಾಬನ ಅಂಗಳದಲ್ಲಿ ಕುಳಿತು ನೈಲಾನನ್ನು ಬೆರಳ ನಡುವೆ ಹಾಯಿಸಿದಳು, ತಿರುವಿದಳು, ಮೂಸಿದಳು, ಗಂಟು ಹಾಕಿ ಎಳೆದಳು. ಅವಳ ಬೆರಳು ಹಗ್ಗದೊಂದಿಗೆ ಮಾತಾಡುವುದನ್ನು ನೋಡುತ್ತ ಶಾರವ್ವ ಬೆರಗಾದಳು. ಏನೇ ಜಗಳವಿರಲಿ, ಹಗ್ಗದ ವಿಷಯದಲ್ಲಿ ಅತ್ತೆ ಅತ್ತೆಯೇ.

"ಗಟ್ಟಿ ಐತಿ. ಆದ್ರ ಇದಕ್ಕ ಹಲ್ಲಿಲ್ಲ," ಎಂದಳು ಅಡಿವೆವ್ವ. "ನಾರಿನ ಹಗ್ಗಕ್ಕ ಹಲ್ಲಿರತಾವು. ಗಂಟು ಕಚ್ಚಿ ಹಿಡೀತೈತಿ. ಇದು ಎಣ್ಣಿ ಹಚ್ಚಿದಂಗ ಐತಿ. ನಮ್ಮ ಮನಿ ಗಂಟು ಇದರಾಗ ನಿಲ್ಲೂದಿಲ್ಲ."

ಹಸನಸಾಬ ಕೈ ತಟ್ಟಿದ. "ಶಾಬಾಸ್ ಅಕ್ಕಾ! ನನಗ ಇದ ಮಾತು ಹೇಳಾಕ ಫೌಜಿನ್ಯಾಗ ಆರು ತಿಂಗಳು ತುಗೊಂಡ್ರು. ಅದಕ್ಕ ಎಂಟರ ಗಂಟು ಅನ್ನೂದು."

ಅವನ ಹೆಂಡತಿ ರಹಿಮಾಬಿ ಚಹಾ ತಂದಳು. ಅಡಿವೆವ್ವ ಕೈ ಚಾಚಿದ್ದು ಕಪ್ಪಿನಿಂದ ನಾಲ್ಕು ಬೆರಳು ಆಚೆಗೆ. ರಹಿಮಾಬಿ ಸದ್ದಿಲ್ಲದೆ ಕಪ್ಪನ್ನು ಆ ಕೈಯೊಳಗೆ ಇಟ್ಟು, ಶಾರವ್ವನ ಮುಖ ನೋಡಿದಳು. ಹೊರಡುವಾಗ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ನಮ್ಮ ಅಮ್ಮೀಗೂ ಹಿಂಗ ಆಗಿತ್ತು. ಪೊರಿ. ಕಣ್ಣಿನ ಕ್ಯಾಂಪಿನ್ಯಾಗ ತಗಸಿದ್ವಿ, ಈಗ ಅಕ್ಕಿ ಆರಸ್ತಾಳ. ಮನ್ಯಾಗ ಹೇಳವಾ."

"ಅವರ ಹೇಳ್ಬೇಕ್ರಿ. ನಾ ಹೇಳಿದ್ರ ಹಗ್ಗದ ಆಸೆಗೆ ಹೇಳಿದಳು ಅಂತಾರ," ಎಂದಳು ಶಾರವ್ವ.

ಬಸ್ಸಿನಲ್ಲಿ ಅವಳು ಇನ್ನೊಂದು ದಾರಿ ಹಿಡಿದು ನೋಡಿದಳು. "ಅತ್ತಿ, ಕೊಂಬಿ ಹಗ್ಗಾನಾದ್ರೂ ನನ್ನ ಕೈಯಾಗ ಕೊಡ್ರಿ."

"ಯಾಕ? ನನ್ನ ಕೈಗೆ ಏನಾಗೇತಿ?"

"ಕೈಗೆ ಏನೂ ಆಗಿಲ್ರಿ."

"ಮತ್ತ?"

ಶಾರವ್ವ ಕಿಟಕಿಯ ಕಡೆ ತಿರುಗಿದಳು. ಶಿಗ್ಗಾಂವ ಬರುವವರೆಗೆ ಇಬ್ಬರೂ ಒಂದು ಸೀಟಿನಲ್ಲಿ ಕುಳಿತು ಎರಡು ಊರಿನವರಂತೆ ಪ್ರಯಾಣ ಮಾಡಿದರು.

ಮೇ ತಿಂಗಳ ಎರಡನೆಯ ವಾರ ಹತ್ತಿಮತ್ತೂರಿನ ಸಾಲಿಯ ಹೆಡ್ ಮಾಸ್ತರ ನೀಲಪ್ಪನವರು ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರು. ಮುಂಗಾರಿಗೂ ಮುಂಚಿನ ಅಡ್ಡಮಳೆಯ ಗಾಳಿಗೆ ಸಾಲಿಯ ಪಕ್ಕದ ಹುಣಸೆಯ ದೊಡ್ಡ ಕೊಂಬೆ ಬುಡದಲ್ಲಿ ಸೀಳಿ, ಹೆಂಚಿನ ಮಾಡಿನ ಮೇಲೆಯೇ ತೂಗುತ್ತಿತ್ತು. ಜೂನಿನಲ್ಲಿ ಸಾಲಿ ಚಾಲೂ. ಬೇರೆ ಕಡೆಯಿಂದ ಬಂದ ಎರಡು ತಂಡದವರು ಮೊದಲು ಹೆಂಚು ಇಳಿಸಿ, ಆಮೇಲೆ ಮರವನ್ನೇ ಬುಡಸಮೇತ ಕಡಿಯಬೇಕು ಎಂದಿದ್ದರಂತೆ.

"ಗಿಡ ಉಳೀಬೇಕು, ಹೆಂಚೂ ಉಳೀಬೇಕು," ಎಂದರು ಮಾಸ್ತರರು. "ನೂರಾ ಎಂಟು ಹುಡುಗರು ಅದರ ನೆಳ್ಳಾಗ ಉಣ್ತಾರ. ಪಂಚಾಯ್ತಿಯವ್ರು ಒಂದು ದಿನದ ಮಟ್ಟಿಗೆ ಒಪ್ಯಾರ. ಬರೂ ಆಯ್ತಾರ. ನೀವು ಇಳಸಿದ್ರ ಸವಣೂರಿಂದ ಬರೂ ಹೊಸಾ ಕರೆಂಟಿನ ತಂತಿ ಹಾದ್ಯಾಗಿನ ಗಿಡಾ ಸವರೂ ಕೆಲಸಾನೂ ನಿಮಗ ಒಪ್ಪಸ್ತಾರ. ಹೆಂಚು ಒಡದ್ರ ಸೋಮಾರ ಗಿಡಕ್ಕ ಗರಗಸ."

"ಆಗತೈತ್ರಿ," ಎಂದ ಹೂವಪ್ಪ, ಅಪ್ಪ ಬಾಯಿ ತೆರೆಯುವುದಕ್ಕೂ ಮೊದಲು.

ಆ ವಾರ ಮನೆ ಮದುವೆ ಮನೆಯಾಯಿತು. ಮೈಲಾರಪ್ಪ ಕೊಡಲಿ ಮಸೆದ, ಗರಗಸಕ್ಕೆ ಹಲ್ಲು ಹಾಕಿಸಿದ, ನೆಲದ ಮೇಲೆ ಇದ್ದಿಲಿನಿಂದ ಮರದ ಚಿತ್ರ ಬರೆದು ಯಾವ ತುಂಡು ಮೊದಲು ಎಂದು ಗುರುತು ಹಾಕಿದ. ಮಗ ಅದನ್ನು ಅಳಿಸಿ ಬೇರೆ ಬರೆದ. ಅಪ್ಪ ಅದನ್ನೂ ಅಳಿಸಿದ. ಶಾರವ್ವ ಆ ಚಿತ್ರ ತುಳಿಯದಂತೆ ಗೋಡೆಗೆ ಒತ್ತಿಕೊಂಡು ನಡೆದಾಡಿದಳು. ಅಡಿವೆವ್ವ ಕೊಂಬೆ ಇಳಿಸುವ ನಾರಿನ ಹಗ್ಗವನ್ನು ಮೊಳ ಮೊಳವಾಗಿ ಬೆರಳಿನಿಂದ ತಡವಿ, ಸವೆದ ಕಡೆ ಹೊಸ ಎಳೆ ಸೇರಿಸಿದಳು.

ಶನಿವಾರ ಊಟಕ್ಕೆ ಕುಳಿತಾಗ ಜಗಳ ಬಂತು.

"ಕೊಂಬಿ ಹಗ್ಗ ನಾ ಹಿಡೀತೇನಿ," ಎಂದಳು ಶಾರವ್ವ. ಝುಣಕ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ನಾ ಸತ್ತೇನೇನ?" ಎಂದಳು ಅಡಿವೆವ್ವ.

"ಯಾಕ ಹಂಗ ಅಂತೀರಿ? ಮ್ಯಾಲ ಇರಾಂವ ನನ್ನ ಗಂಡ!"

"ಅಂವ ನನ್ನ ಮಗ ಆಗಿ ಇಪ್ಪತ್ನಾಲ್ಕು ವರ್ಷ ಆತು. ನಿನ್ನ ಗಂಡ ಆಗಿ ನಾಲ್ಕು ತಿಂಗಳ."

"ಉಣಾಕ ಬಿಡ್ತೀರೋ ಇಲ್ಲೋ?" ಎಂದು ಮೈಲಾರಪ್ಪ ಗುಡುಗಿದ. ಅವನ ಬಲಭುಜ ಕೆಟ್ಟು ಎರಡು ವರ್ಷವಾಗಿತ್ತು, ಹಗ್ಗ ಹಿಡಿಯುವ ಮಾತು ಬಂದಾಗಲೆಲ್ಲ ಅವನಿಗೆ ಸಿಟ್ಟು ಬರುತ್ತಿತ್ತು. "ಅಡಿವಿ ಮುಂದ, ಶಾರಿ ಹಿಂದ. ಇಬ್ರೂ ಹಿಡೀರಿ. ಮುಗೀತು."

ಆಯ್ತಾರ ಮುಂಜಾನೆ ಹತ್ತಿಮತ್ತೂರಿನ ಸಾಲಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಹೂವಪ್ಪ ಪಟ್ಟಾ ಕಟ್ಟಿಕೊಂಡು, ಸೊಂಟದಲ್ಲಿ ಕೊಂಡಿಗಳನ್ನು ಕಿಣಿಕಿಣಿ ಅನ್ನಿಸುತ್ತ ಬಂದಾಗ ಯಾರೋ ಶಿಳ್ಳೆ ಹೊಡೆದರು. ಹಸನಸಾಬ ಬಡಿಗೆ ಹಿಡಿದು, "ಹಿಂದ ಸರೀರಿ, ಹಿಂದ ಸರೀರಿ" ಎಂದು ಜನರನ್ನು ಗೆರೆಯಾಚೆ ಅಟ್ಟುವುದರಲ್ಲಿದ್ದ. ನೈಲಾನ್ ಹಗ್ಗ ಮೇಲಿನ ಕವಲು ಹಾಯ್ದು ಬಂತು. ಅದರ ಕೊನೆ ಬಿಚ್ಚಬಾರದೆಂದು ಹಸನಸಾಬ ಕೆಂಪು ಬಟ್ಟೆ ಸುತ್ತಿದ್ದ. ಹೂವಪ್ಪ ಆ ಕೊನೆಯನ್ನು ಪಟ್ಟಾದ ಬಳೆಗೆ ಕಟ್ಟಿದ, ಒಂದು ಮೊಳ ಬಾಲವನ್ನೂ ಬಿಟ್ಟ. ಕಣ್ಣು ಜನರ ಮೇಲಿತ್ತು, ಕಿವಿ ಶಿಳ್ಳೆಯ ಮೇಲಿತ್ತು. ಕೈಗಳು ಮಾತ್ರ ಹತ್ತು ವರ್ಷದವನಿದ್ದಾಗಿನಿಂದ ಕಟ್ಟಿದ್ದನ್ನೇ ಕಟ್ಟಿದವು. ಎಂಟರ ಗಂಟಲ್ಲ, ಮನೆಯ ಗಂಟು.

ಅಡಿವೆವ್ವ ರೂಢಿಯಂತೆ ಬಂದು ಮಗನ ಸೊಂಟ ತಡವಿದಳು. ಬೆರಳಿಗೆ ಸಿಕ್ಕದ್ದು ಇಪ್ಪತ್ತಾರು ವರ್ಷದ ಪರಿಚಯದ ಗಂಟು. ಅವಳ ಬೆರಳು ಅದನ್ನು ಮನೆಯವರನ್ನು ಗುರುತಿಸುವಂತೆ ಗುರುತಿಸಿ ಸಮಾಧಾನಪಟ್ಟಿತು. ಈ ಹಗ್ಗ ಯಾವುದೆಂದು ಆ ಗಡಿಬಿಡಿಯಲ್ಲಿ ಅವಳಿಗೂ ಮರೆತಿತ್ತು.

"ಸರಿ ಐತಿ. ಹತ್ತು," ಎಂದಳು.

ತಳ್ಳು, ಕೂರು, ತಳ್ಳು, ಕೂರು. ಹೂವಪ್ಪ ನೋಡುನೋಡುತ್ತ ಮಾಡಿನ ಎತ್ತರ ದಾಟಿದ. ಜನ ಹೋ ಎಂದರು. ಮೊದಲ ತುಂಡಿಗೆ, ಮೇಲಿನ ಕವಲು ಹಾಯಿಸಿದ ನಾರಿನ ಹಗ್ಗ ಬಿಗಿದು, ಗರಗಸ ಆಡಿಸಿದ. ತುಂಡು ಕಳಚಿ ಒಮ್ಮೆ ಜೋಲಿ ಹೊಡೆದು ನಿಂತಿತು. ಕೆಳಗೆ ಪಕ್ಕದ ಬೇವಿನ ಮರದ ಬೊಡ್ಡೆಗೆ ಮೂರು ಸುತ್ತು ಹಾಕಿದ್ದ ಹಗ್ಗವನ್ನು ಅಡಿವೆವ್ವ ಮುಂದೆ, ಶಾರವ್ವ ಹಿಂದೆ ನಿಂತು ಇಷ್ಟಿಷ್ಟೇ ಬಿಟ್ಟರು. ತುಂಡು ಹೆಂಚಿನಿಂದ ಗೇಣು ದೂರದಲ್ಲಿ ಹಾಯ್ದು ಮೆಲ್ಲಗೆ ನೆಲಕ್ಕೆ ಬಂತು. ಮಾಸ್ತರರು ಚಪ್ಪಾಳೆ ತಟ್ಟಿದರು. ಎರಡನೆಯದೂ ಹಾಗೇ ಇಳಿಯಿತು. ಮೈಲಾರಪ್ಪ ಮೀಸೆಯ ಮೇಲೆ ಕೈ ಹಾಕಿ, ಪಕ್ಕದವರಿಗೆ, "ನನ್ನ ಮಗ್ರಿ," ಎಂದ. ಅವರು ಕೇಳಿರಲಿಲ್ಲ.

ಉಳಿದದ್ದು ದೊಡ್ಡದು, ಸೀಳಿದ ತಾಯಿಕೊಂಬೆ. ಹೂವಪ್ಪ ಅದಕ್ಕೆ ನಾರಿನ ಹಗ್ಗ ಬಿಗಿದ. ಬಿಗಿದ ಹಗ್ಗವನ್ನು ಎಡಗೈಯಲ್ಲಿ ಹಿಡಿದೇ, ಆಚೆ ಮಗ್ಗುಲಿಂದ ಗರಗಸ ಇಡಲೆಂದು ಎದ್ದು ನಿಂತ. ಇನ್ನು ಅವನು ಪಟ್ಟಾಕ್ಕೆ ಪೂರಾ ಮೈಭಾರ ಬಿಟ್ಟು ಹಿಂದಕ್ಕೆ ವಾಲಬೇಕು.

ಶಾರವ್ವ ಕಣ್ಣು ಕೀಳದೆ ನೋಡುತ್ತಿದ್ದಳು. ಹತ್ತುವಾಗ ಆ ಕೆಂಪು ತುದಿ ಅವನ ತೊಡೆಗೆ ಬಡಿಯುತ್ತಿತ್ತು. ಎರಡನೆಯ ತುಂಡಿನ ಹೊತ್ತಿಗೆ ಸೊಂಟದ ಕೆಳಗಿತ್ತು. ಈಗ ಅದು ಬಳೆಯ ಬುಡದಲ್ಲೇ ಇತ್ತು. ಹಗ್ಗ ಬೆಳೆಯುವುದಿಲ್ಲ, ಕುಗ್ಗುವುದಿಲ್ಲ. ಹಾಗಾದರೆ ಬಾಲ ಎಲ್ಲಿ ಹೋಯಿತು? ಅದಕ್ಕೆ ಉತ್ತರ ಹುಡುಕುತ್ತ ಅವಳು ನಿಲ್ಲಲಿಲ್ಲ. ಅತ್ತೆಯ ಹೆಗಲ ಮೇಲಿನಿಂದ ಎರಡೂ ಕೈ ಚಾಚಿ, ಬೇವಿನಿಂದ ಮೇಲಕ್ಕೆ ಹೋದ ನಾರಿನ ಹಗ್ಗ ಹಿಡಿದು ಜಗ್ಗಿದಳು. ಒಂದು. ಎರಡು. ಮೂರು.

ಮೇಲೆ ಹೂವಪ್ಪನ ಅಂಗೈಗೆ ಮೂರು ಏಟು ಬಿದ್ದವು. ಅವನು ವಿಚಾರ ಮಾಡಲಿಲ್ಲ. ಗರಗಸ ಕೈಬಿಟ್ಟು ಬೊಡ್ಡೆಯನ್ನು ತಬ್ಬಿಕೊಂಡ. ಗರಗಸ ಸೊಂಟದ ದಾರಕ್ಕೆ ತೂಗಾಡಿತು. ಆಮೇಲೆ ತಲೆ ಬಗ್ಗಿಸಿ ಸೊಂಟ ನೋಡಿಕೊಂಡ. ಎರಡು ಬೆರಳಗಲ ಕೆಂಪು ಉಳಿದಿತ್ತು. ಬೆರಳು ತಾಗಿಸಿದ. ಗಂಟು ತಾನಾಗಿ ಬಿಚ್ಚಿ ಕೈಗೆ ಬಂತು.

ಹಸನಸಾಬ ಬಡಿಗೆ ಒಗೆದು, ಕೆಟ್ಟ ಮೊಣಕಾಲಿನಲ್ಲೇ ಮರದ ಬುಡಕ್ಕೆ ಓಡಿದ. ಮೇಲೆ ಹೂವಪ್ಪ ಒಂದು ತೋಳಿನಿಂದ ಮರ ತಬ್ಬಿ, ಇನ್ನೊಂದು ಕೈ ಮತ್ತು ಹಲ್ಲಿನಿಂದ ಹಗ್ಗದ ಕೊನೆಯನ್ನು ಬಳೆಯೊಳಗೆ ತೂರಿಸಿ ಎಂಟರ ಗಂಟು ಹಾಕುತ್ತಿದ್ದ. ಹಾಕಿ, ಎಳೆದು ನೋಡಿ, ಕುಣಿಕೆ ಸಡಿಲಿಸುತ್ತ ಇಳಿದು ಬಂದ. ನೆಲ ಮುಟ್ಟಿದವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರು ಜಗ್ಗಿದ್ರು?" ಎಂದು ಕೇಳಿದ.

"ಮತ್ಯಾರು, ತಾಯಿ!" ಎಂದರು ನೀಲಪ್ಪ ಮಾಸ್ತರರು, ಕಣ್ಣು ಒರೆಸಿಕೊಳ್ಳುತ್ತ. ಸುತ್ತಲಿನವರೂ ಹೌದೌದೆಂದರು. ಅಡಿವೆವ್ವನೇ ಅಲ್ಲವೇ ಮುಂದೆ ನಿಂತಿದ್ದವಳು?

"ಹೌದು, ಅತ್ತಿ ಜಗ್ಗಿದ್ರು," ಎಂದಳು ಶಾರವ್ವ.

ಅಡಿವೆವ್ವ ಸೊಸೆಯ ದನಿ ಬಂದ ಕಡೆ ತಿರುಗಿದಳು. ಊರ ಮುಂದೆ ಸಿಕ್ಕ ಗೌರವವನ್ನು ಸುಮ್ಮನೆ ಸೆರಗಿಗೆ ಕಟ್ಟಿಕೊಂಡು ಹೋಗಬಹುದಿತ್ತು.

"ನಾ ಜಗ್ಗಿಲ್ಲ," ಎಂದಳು. "ಜಗ್ಗಿದಾಕಿ ಶಾರಿ. ನನಗ ಆ ಕೆಂಪು ಕಂಡಿಲ್ಲ. ಗಿಡಾನ ಕಾಣಂಗಿಲ್ಲ, ಹಸರು ಮಬ್ಬು ಅಷ್ಟ ಕಾಣತೈತಿ. ಒಂದು ವರ್ಷಾತು. ಹಾನಗಲ್ಲ ಹಾದ್ಯಾಗ ನೀ ಕೈ ಬೀಸಿದ್ದೂ ಕಂಡಿಲ್ಲೋ ಹೂವಪ್ಪಾ. ಹಗ್ಗ ಹಸೀ ಇರಲಿಲ್ಲ, ಸುಳ್ಳು ಹೇಳಿದೆ. ಇವತ್ತ ಗಂಟು ಮುಟ್ಟಿ ಸರಿ ಐತಿ ಅಂದಾಕಿನೂ ನಾನ."

ಮೈಲಾರಪ್ಪ ಹತ್ತಿರ ಬಂದ. "ಒಂದು ವರ್ಷಾತೇನ? ನನ್ನ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ಹಗ್ಗ ಕಸಗೊಂತಿದ್ರಿ."

"ಕಸಗೊಂತಿದ್ದೆ," ಎಂದು ಅವನು ಒಪ್ಪಿಕೊಂಡ.

"ಕಟ್ಟಿದಾಂವ ನಾನು," ಎಂದ ಹೂವಪ್ಪ. "ಯಾಕ ಕಟ್ಟಿದೆ ಅಂತ ನನಗ ಗೊತ್ತಿಲ್ಲ. ಕೈ ತಾನ ಕಟ್ಟಿಬಿಟ್ಟೈತಿ."

"ನೋಡಬೇಕಾದಾಂವ ನಾನು," ಎಂದ ಹಸನಸಾಬ. "ಮಂದಿ ಓಡಸ್ಕೊಂತ ನಿಂತೆ. ಎಲ್ಲಾರೂ ಪಾಲು ತುಗೋರಿ, ಒಬ್ಬಾಕಿ ತಲಿಗೆ ಕಟ್ಟಬ್ಯಾಡ್ರಿ. ಅಕ್ಕಾ, ಪೊರಿ ತಗಸಿದ್ರ ಕಣ್ಣು ಬರತೈತಿ. ರಹಿಮಾ ನಿನ್ನ ಕರಕೊಂಡು ಹೋಗ್ತಾಳ."

ಪಡುವಣದಿಂದ ಗಾಳಿ ಏಳುತ್ತಿತ್ತು. ಮೇಲೆ ತಾಯಿಕೊಂಬೆ ಕಿರ್ ಎಂದಿತು. ಮಾಸ್ತರರು ಅಂಜುತ್ತ, "ಇವತ್ತ ಸಾಕು ಬಿಡ್ರಿ. ಜೀವಕ್ಕಿಂತ ಹೆಂಚು ಹೆಚ್ಚಲ್ಲ," ಎಂದರು.

ಹೂವಪ್ಪ ಹೆಂಡತಿಯ ಕಡೆ ನೋಡಿದ. ಅವಳು ಹೂಂ ಎಂದು ತಲೆ ಆಡಿಸಿದಳು.

"ಇವತ್ತ ಇಳಸ್ತೇವ್ರಿ," ಎಂದ ಹೂವಪ್ಪ.

ಅಡಿವೆವ್ವ ಬೇವಿನ ಬೊಡ್ಡೆಯ ಹತ್ತಿರ ತಡವರಿಸದೆ ನಡೆದಳು. ಹಗ್ಗ ಎಲ್ಲಿದೆಯೆಂದು ತಿಳಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಮುಂದಿನ ಜಾಗ ಬಿಟ್ಟು ಹಿಂದೆ ನಿಂತಳು.

"ಬಾ ಶಾರಿ. ಮುಂದ ನಿಲ್ಲು. ಮೊದಲ ಹೋಗಿ ಅವನ ಗಂಟು ನೋಡ್ಕೊಂಡು ಬಾ."

ಶಾರವ್ವ ಹೋದಳು. ಗಂಟಿನ ಪ್ರತಿ ಎಳೆಯ ಮೇಲೆ ಬೆರಳಿಟ್ಟು ಹಸನಸಾಬನೊಂದಿಗೆ ಎಣಿಸಿದಳು, ಬಾಲವನ್ನು ಮೊಳ ಹಾಕಿ ಅಳೆದಳು. ಹೂವಪ್ಪ ಕಚಗುಳಿಯಾಗಿ ಸೊಂಟ ತಿರುವಿದ. "ನೆಟ್ಟಗ ನಿಲ್ರಿ," ಎಂದು ಊರ ಮುಂದೆಯೇ ಗದರಿಸಿದಳು. ಹೆಂಗಸರ ಗುಂಪಿನಲ್ಲಿ ನಗು ಎದ್ದಿತು.

ಮತ್ತೆ ತಳ್ಳು, ಕೂರು. ಈ ಸಲ ಯಾರೂ ಶಿಳ್ಳೆ ಹೊಡೆಯಲಿಲ್ಲ. ಗರಗಸದ ಸದ್ದೊಂದೇ ಕೇಳುತ್ತಿತ್ತು. ಪುಡಿ ಉದುರಿತು. ತಾಯಿಕೊಂಬೆ ಬೊಡ್ಡೆ ಬಿಟ್ಟಾಗ ಹಗ್ಗ ಬೇವಿನ ತೊಗಟೆಯನ್ನು ಕರಕರ ಕಚ್ಚಿತು. ಶಾರವ್ವನ ಕಾಲುಗಳು ಒಂದು ಹೆಜ್ಜೆ ಮುಂದಕ್ಕೆ ಜಾರಿದವು. ಹಿಂದಿನಿಂದ ಅಡಿವೆವ್ವ ಹಿಮ್ಮಡಿ ಊರಿ ಹಿಡಿದಳು.

"ಎಲ್ಲಿ ಐತಿ?" ಎಂದಳು.

"ಮಾಡಿನ ಮ್ಯಾಲ ಎರಡು ಮೊಳ. ಎಡಕ್ಕ ತಿರಗಾಕತ್ತೈತ್ರಿ."

"ತಿರಗಲಿ. ಬಿಡಬ್ಯಾಡ. ಈಗ?"

"ಹೆಂಚಿನ ಅಂಚು ದಾಟ್ತು."

"ಈಗ ಬಿಡು. ಇನ್ನೊಂಚೂರು. ಕೈ ಬಿಸಿ ಆತೇನ?"

"ಆತ್ರಿ."

"ಆಗಲಿ. ಬಿಡು, ಬಿಡು."

ಅರ್ಧ ತಾಸು ಹಿಡಿಯಿತೋ, ಐದು ನಿಮಿಷವೋ, ಅವರಿಬ್ಬರಿಗೂ ಗೊತ್ತಾಗಲಿಲ್ಲ. ಕೊಂಬೆಯ ತುದಿಯ ಎಲೆಗಳು ನೆಲವನ್ನು ಸವರಿದವು, ಆಮೇಲೆ ಬುಡ ಧೊಪ್ಪೆಂದು ಕೂತಿತು. ಹಗ್ಗ ಹಗುರಾಯಿತು. ಒಂದು ಹೆಂಚೂ ಅಲುಗಿರಲಿಲ್ಲ. ಆಗ ಎದ್ದಿತು ನೋಡಿ ಗದ್ದಲ. ಮಾಸ್ತರರು ಟೊಪ್ಪಿಗೆ ತೆಗೆದು ಬೀಸಿದರು, ಮೈಲಾರಪ್ಪ ಹಸನಸಾಬನನ್ನು ತಬ್ಬಿಕೊಂಡು ಕೆಟ್ಟ ಭುಜ ನೋಯಿಸಿಕೊಂಡ. ಶಾರವ್ವ ಸುಟ್ಟ ಅಂಗೈಗಳನ್ನು ಸೀರೆಗೆ ಒತ್ತಿಕೊಂಡು ಮೇಲೆ ನೋಡಿ ಜೋರಾಗಿ ನಕ್ಕುಬಿಟ್ಟಳು.

ಗದ್ದಲ ಇನ್ನಷ್ಟು ಏರಿತು. ಅಡಿವೆವ್ವ ಸೊಸೆಯ ತೋಳು ಹಿಡಿದಳು.

"ಯಾಕ ಹಿಂಗ ಕೂಗಾಕತ್ತಾರ? ಏನಾತ?"

"ನಿಮ್ಮ ಮಗ ಎರಡೂ ಕೈ ಬಿಟ್ಟು ಗಾಳ್ಯಾಗ ಕುಂತಾನ್ರಿ ಅತ್ತಿ."

ಅಡಿವೆವ್ವನ ಹಿಡಿತ ಬಿಗಿಯಾಯಿತು. "ಗಂಟು?"

"ಎಂಟರ ಗಂಟ ಐತ್ರಿ."

"ಬಾಲ?"

"ಪೂರಾ ಒಂದು ಮೊಳ. ನನಗ ಕಾಣಾಕತ್ತೈತಿ."

"ಹಂಗಾರ ಕುಂದರ್ಲಿ ಬಿಡು," ಎಂದಳು ಅಡಿವೆವ್ವ.